ಅಲುಗಾಡುವ ಚಪ್ಪಡಿ

ಮಾರುಕಟ್ಟೆ ರಸ್ತೆಯ ಫುಟ್‌ಪಾತಿನಲ್ಲಿ ಒಂದು ಚಪ್ಪಡಿ ಬಹಳ ದಿನಗಳಿಂದ ಅಲುಗಾಡುತ್ತಿತ್ತು. ಅಂಗಡಿಯವರು ನಗರಸಭೆಗೆ ದೂರು ಕೊಟ್ಟು ಕೊಟ್ಟು ಸುಸ್ತಾಗಿದ್ದರು. ಕಡೆಗೆ ಅದು ಮಗುಚಿಕೊಂಡದ್ದು, ಅಪರೂಪಕ್ಕೆ ಆ ಕಡೆ ದಾರ ಕೊಳ್ಳಲು ಹೋಗಿದ್ದ ದೊಡ್ಡಮ್ಮನ ಕಾಲಡಿಯಲ್ಲಿ. ಸೊಂಟದವರೆಗೆ ಚರಂಡಿಗಿಳಿದ ಅವರನ್ನು ಹಣ್ಣಿನಂಗಡಿಯವನು ಎತ್ತಿ ಕೂರಿಸುವ ಹೊತ್ತಿಗೆ ಬಲಗೈ ಮಣಿಕಟ್ಟು ಮುರಿದಿತ್ತು.

ಕೋಟು ಹೊಲಿಯುವುದರಲ್ಲಿ ದೊಡ್ಡಮ್ಮನದು ಎತ್ತಿದ ಕೈ. ತಂಗಿ ತೀರಿಕೊಂಡ ಮೇಲೆ ಅವಳ ಮಗಳನ್ನು ಸಾಕಿ, ಓದಿಸಿ, ವಕೀಲೆ ಮಾಡಿದ್ದು ಆ ಕೈಯೇ. ಆ ವಕೀಲೆಯನ್ನು ಅವರು ಕಕ್ಷಿದಾರರ ಎದುರಿಗೂ "ಪಾಪು" ಎಂದೇ ಕರೆಯುತ್ತಿದ್ದರು.

"ಕೇಸು ಹಾಕೋಣ," ಎಂದಳು ಪಾಪು.

"ಬೇಡ ಕಣೇ. ನಾನು ಬಿದ್ದಿದ್ದು ಊರಿಗೆಲ್ಲ ಯಾಕೆ ಗೊತ್ತಾಗ್ಬೇಕು?"

"ಆ ಗುಂಡಿ ಮೇಲೆ ಒಂದು ಹಲಗೆ ಇಟ್ಟು ಕೈ ತೊಳ್ಕೊಂಡಿದಾರೆ ದೊಡ್ಡಮ್ಮ. ನಾಳೆ ಯಾವುದಾದ್ರೂ ಮಗು ಬೀಳುತ್ತೆ."

ದೊಡ್ಡಮ್ಮ ಎಡಗೈಯಲ್ಲೇ ಅರ್ಜಿಗೆ ಸಹಿ ಹಾಕಿದರು.

ವಿಚಾರಣೆಯ ದಿನ ಪಾಪು ಬಾರಿ ಬಾರಿ ಹೇಳಿದ್ದಳು: "ಕೇಳಿದ್ದಕ್ಕಷ್ಟೇ ಉತ್ತರ. ಕತೆ ಶುರು ಮಾಡ್ಬೇಡ."

ನಗರಸಭೆಯ ವಕೀಲರು ಬೆಣ್ಣೆಯಂಥ ದನಿಯಲ್ಲಿ ಕೇಳಿದರು: "ಬೀಳುವಾಗ ನೆಲ ನೋಡ್ಕೊಂಡು ನಡೀತಿದ್ರಾ ಅಮ್ಮಾ?"

"ಇಲ್ಲ."

"ಮತ್ತೆ ಏನು ನೋಡ್ತಿದ್ರಿ?"

"ಮುಂದೆ ಹೋಗ್ತಿದ್ದವರ ಕೋಟು. ಎಡತೋಳನ್ನ ತಿರುಚಿ ಕೂರಿಸಿದ್ರು ಸ್ವಾಮಿ, ನನ್ ಕೈಲಿ ನೋಡೋಕೇ ಆಗ್ಲಿಲ್ಲ. ಬಿಚ್ಚಿ ಹೊಲಿದುಕೊಡ್ತೀನಿ ಬನ್ನಿ ಅಂತ ಕರೆಯೋಣ ಅಂದ್ಕೊಂಡೆ, ಅಷ್ಟರಲ್ಲಿ ಚರಂಡೀಲಿದ್ದೆ."

ಕೋರ್ಟಿಗೆ ಕೋರ್ಟೇ ನಕ್ಕಿತು. "ಅಜಾಗರೂಕತೆ, ಅವರ ಬಾಯಿಂದಲೇ ಬಂತು," ಎಂದು ವಕೀಲರು ಕೂತರು.

ಪಾಪು ಸಿಟ್ಟಿನಿಂದ ತಿರುಗಿ ನೋಡಿದರೆ, ದೊಡ್ಡಮ್ಮ ಸೊಟ್ಟಗೆ ಕೂಡಿಕೊಂಡ ಮಣಿಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತಪ್ಪು ಮಾಡಿದೆನೇನೋ ಎಂಬಂತೆ ಅವಳನ್ನೇ ನೋಡುತ್ತಿದ್ದರು. ಸಿಟ್ಟು ಅಲ್ಲೇ ಕರಗಿತು. ಬರೆದು ತಂದಿದ್ದ ವಾದವನ್ನು ಮೇಜಿನ ಮೇಲೆ ಬಿಟ್ಟು ಅವಳು ಎದ್ದು ನಿಂತಳು.

"ಸ್ವಾಮಿ, ಹೆಜ್ಜೆ ಹೆಜ್ಜೆಗೂ ನೆಲ ನೋಡಬೇಕಾದ್ರೆ ಫುಟ್‌ಪಾತ್ ಯಾಕೆ ಬೇಕು? ಅಂಗಡಿ ನೋಡ್ತಾ, ಮಗುವಿನ ಮುಖ ನೋಡ್ತಾ, ಯಾರದೋ ಕೋಟು ನೋಡ್ತಾ ನಡೆಯೋರಿಗೂ ಕಾಲ ಕೆಳಗೆ ನೆಲ ಗಟ್ಟಿ ಇರ್ಬೇಕು. ಚಪ್ಪಡಿ ಅಲುಗಾಡೋದು ನಗರಸಭೆಗೆ ಗೊತ್ತಿತ್ತು. ನಮ್ಮ ದೊಡ್ಡಮ್ಮನಿಗೆ ಗೊತ್ತಿರಲಿಲ್ಲ."

'ಅರ್ಜಿದಾರರಿಗೆ' ಎನ್ನಬೇಕಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ನ್ಯಾಯಾಧೀಶರು ಕೇಳಿಸದವರಂತೆ ಬರೆದುಕೊಳ್ಳುತ್ತಲೇ ಇದ್ದರು.

ತೀರ್ಪು ದೊಡ್ಡಮ್ಮನ ಪರವಾಗಿ ಬಂತು. ಪರಿಹಾರದ ಜೊತೆಗೆ ಇಡೀ ರಸ್ತೆಯ ಚಪ್ಪಡಿಗಳನ್ನು ಸರಿಪಡಿಸಬೇಕೆಂಬ ಆದೇಶವೂ ಇತ್ತು. ಕೈ ಮಾತ್ರ ಮೊದಲಿನಂತಾಗಲಿಲ್ಲ. ದಪ್ಪ ಬಟ್ಟೆಯ ಮೇಲೆ ಕತ್ತರಿ ನಿಲ್ಲದೆ ಜಾರಿದ ದಿನ ದೊಡ್ಡಮ್ಮ ಮುಖ ತಿರುಗಿಸಿಕೊಂಡು ಅತ್ತರು. ಪಾಪು ಪಕ್ಕದಲ್ಲಿ ಕೂತು ಆ ಮಣಿಕಟ್ಟಿಗೆ ಎಣ್ಣೆ ತಿಕ್ಕಿದಳು. ಈಗ ದೊಡ್ಡಮ್ಮ ಸಣ್ಣ ಹೊಲಿಗೆಗಳನ್ನಷ್ಟೇ ಮಾಡುತ್ತಾರೆ. ಬೇರೆಯವರು ಹೊಲಿಯುವ ಕೋಟುಗಳಿಗೆ ಬರೀ ಬಾಯಿಮಾತಿನ ಉಸ್ತುವಾರಿ.

ರಸ್ತೆ ಸರಿಯಾದ ಮೇಲೆ ಇಬ್ಬರೂ ನೋಡಲು ಹೋದರು. ಪಾಪು ಹೊಸ ಚಪ್ಪಡಿಯ ಮೇಲೆ ನಿಂತು ದಬದಬ ಕುಣಿದು ಪರೀಕ್ಷಿಸಿದಳು.

"ಇಳಿಯೇ ಕೆಳಗೆ!" ದೊಡ್ಡಮ್ಮ ಗಾಬರಿಯಿಂದ ಅವಳ ತೋಳು ಹಿಡಿದೆಳೆದರು. "ನೀ ಬಿದ್ರೆ ನಿನ್ ಕೇಸು ಯಾರೇ ನಡೆಸ್ತಾರೆ?"