ಟೈಲರ್ ಮನೆ ಮೇಲಿನ ಆರು ಚುಕ್ಕಿ

ಚಳಿ ಆಗಷ್ಟೇ ಶುರುವಾಗಿತ್ತು, ಸಂಜೆ ಆರೂವರೆಗೆಲ್ಲ ಕತ್ತಲಾಗುವ ಕಾಲ. ನಾನೂ ಮಗಳೂ ಬಾಡಿಗೆಗಿದ್ದ ಕಟ್ಟಡದ ತಾರಸಿಯ ಬೀಗದಕೈ ನನ್ನ ಹತ್ತಿರ ಇರುತ್ತಿತ್ತು. ಒಣಗಿದ ಬಟ್ಟೆಗಳನ್ನು ಹೆಂಗಸರು ಎತ್ತಿಕೊಂಡು ಹೋದ ಮೇಲೆ ಬಾಗಿಲು ಹಾಕಿಕೊಂಡು ಬರುವುದು ನನ್ನ ಕೆಲಸ. ಆವತ್ತು ಹತ್ತಿ ಹೋದರೆ ಮೂಲೆಯಲ್ಲಿ ಹಲ್ಲಿನಮ್ಮ ನಿಂತಿದ್ದಾಳೆ, ಕಣ್ಣಿಗೆ ಏನನ್ನೋ ಒತ್ತಿಕೊಂಡು.

ಹಲ್ಲಿನಮ್ಮ ಎಂದರೆ ಮೂರನೇ ಮಹಡಿಯ ಒಂಟಿ ಕೋಣೆಗೆ ಹೊಸದಾಗಿ ಬಂದಿದ್ದವಳು. ನಲವತ್ತು ದಾಟಿದ ಹೆಂಗಸು. ಡಾಕ್ಟರುಗಳು ಕಳಿಸಿದ ಅಚ್ಚಿಗೆ ಸರಿಯಾಗಿ ಕಟ್ಟುಹಲ್ಲು ಮಾಡಿಕೊಡುವುದು ಅವಳ ಕಸುಬು. ಕಿಟಕಿಯಲ್ಲಿ ಒಣಗಲಿಟ್ಟ ಹಲ್ಲಿನ ಸಾಲುಗಳು ಮೆಟ್ಟಿಲು ಹತ್ತುವವರನ್ನೆಲ್ಲ ನೋಡಿ ನಗುತ್ತಿದ್ದವು. ಯಾರೂ ಹೆಸರು ಕೇಳುವ ಮೊದಲೇ ಅವಳಿಗೆ ಹೆಸರು ಬಿದ್ದಿತ್ತು.

"ಏನಮ್ಮ ಅದು?" ಎಂದೆ.

"ದುರ್ಬೀನು ತಾತ. ಅಗ್ಗದ್ದು. ದಿನವೆಲ್ಲ ಮೂಗಿನ ಹತ್ರ ಹಲ್ಲು ಹಿಡ್ಕೊಂಡು ಕೂತು ಕಣ್ಣು ಸೋತುಹೋಗುತ್ತೆ. ಸಂಜೆ ದೂರದ್ದೇನಾದ್ರೂ ನೋಡು ಅಂದ್ರು ಡಾಕ್ಟ್ರು. ಬನ್ನಿ, ನೀವೂ ನೋಡಿ, ಆಕಾಶ ಒಂದೇ ಸಲಕ್ಕೆ ಎಷ್ಟಗಲ ಸಿಗುತ್ತೆ ಅಂತ!"

ನಾನು ಕೈ ಚಾಚಲಿಲ್ಲ. ಇಪ್ಪತ್ತೆಂಟು ವರ್ಷ ಬಂದರಿನ ಗೋಪುರದಲ್ಲಿ ಕೂತು ಬರುವ ಹಡಗು, ಹೋಗುವ ಹಡಗು ನೋಡಿದವನು. "ಬೇಡಮ್ಮ, ನನಗೆ ದುರ್ಬೀನು ನೋಡೀ ನೋಡೀ ಸಾಕಾಗಿದೆ" ಎಂದೆ. ಆದರೆ ಅದರ ಗಾಜನ್ನು ಮಾತ್ರ ನೋಡಿಕೊಂಡೆ. ಮೋಟು ದುರ್ಬೀನು, ಅಂಗೈಯಲ್ಲಿ ಹಿಡಿಯುವಷ್ಟು. ಮುಂದಿನ ಗಾಜು ಮಾತ್ರ ಟೀ ಲೋಟದ ಬಾಯಿಯಷ್ಟಗಲ. ಗೋಪುರದಲ್ಲಿ ನಮಗೊಂದು ಲೆಕ್ಕವಿತ್ತು: ಮುಂದಿನ ಗಾಜು ಅಗಲವಾದಷ್ಟೂ ಹಡಗು ಹತ್ತಿರ. ಅಲ್ಲಿದ್ದ ಅತಿ ಅಗಲದ್ದರಲ್ಲಿ ಹಡಗಿನವನು ಗಡ್ಡ ಕೆರೆದುಕೊಳ್ಳುವುದೂ ಕಾಣುತ್ತಿತ್ತು. ಇಂಥ ಗಾಜು ಇಟ್ಟುಕೊಂಡವಳು ಬರೀ ನಕ್ಷತ್ರ ನೋಡುತ್ತಾಳೆಯೇ? ತಲೆಗೆ ಹುಳ ಹೊಕ್ಕಿತು.

ಆಮೇಲೆ ಅವಳು ಮಾಡಿದ್ದೆಲ್ಲ ಕಣ್ಣಿಗೆ ಚುಚ್ಚತೊಡಗಿತು. ದಿನಾ ಅದೇ ಮೂಲೆ. ಮುಖ ರಸ್ತೆಯಾಚೆಯ ಟೈಲರ್ ಮನೆ ಕಡೆ. ನಡುನಡುವೆ ಚೀಟಿಯಲ್ಲಿ ಏನೋ ಗುರುತು. ಬಸ್ ನಿಲ್ದಾಣದಲ್ಲೂ ಅದನ್ನೇ ಎತ್ತುವಳು. ಕೇಳಿದರೆ, "ಬಸ್ ನಂಬರ್ ಬೇಗ ಕಾಣುತ್ತೆ ತಾತ" ಎನ್ನುವಳು. ನಾವೆಲ್ಲ ಬಸ್ಸು ಹತ್ತಿರ ಬಂದ ಮೇಲೇ ಹತ್ತಿದವರು, ಇವಳಿಗೇನು ಅಷ್ಟು ಆತುರ?

ಅದೇ ತಿಂಗಳು ಟೈಲರ್ ಮನೆಗೆ ಕಳ್ಳ ನುಗ್ಗಿದ. ಗಂಡ ಹೆಂಡತಿ ಆಸ್ಪತ್ರೆಗೆ ಹೋಗಿಬರುವ ಒಂದು ಗಂಟೆಯೊಳಗೆ ಹೊಸ ಹೊಲಿಗೆ ಯಂತ್ರ ಮಾಯ. ಮನೆ ಖಾಲಿ ಇರುವ ಹೊತ್ತು ಗೊತ್ತಿದ್ದವರೇ ಮಾಡಿದ್ದು ಎಂದು ಬೀದಿಯೆಲ್ಲ ಮಾತಾಯಿತು.

ಎರಡು ದಿನ ಬಿಟ್ಟು ಹಲ್ಲಿನಮ್ಮನ ಚೀಟಿಯೊಂದು ಗಾಳಿಗೆ ಹಾರಿ ರಸ್ತೆಗೆ ಬಿದ್ದು, ಟೈಲರ್ ಹೆಂಡತಿಯ ಕೈಗೇ ಸಿಗಬೇಕೇ! ಅದನ್ನು ಹಿಡಿದು ನಮ್ಮ ಮಾಲೀಕನ ಬಾಗಿಲಿಗೆ ಬಂದಳು. ಹಲ್ಲಿನಮ್ಮನನ್ನೂ ನನ್ನನ್ನೂ ಕರೆಸಿದರು. ಚೀಟಿಯಲ್ಲಿ ಒತ್ತೊತ್ತಾಗಿ ಆರು ಚುಕ್ಕಿ, ಪಕ್ಕದಲ್ಲಿ 'ಟೈಲರ್ ಮನೆ, 6:40'.

"ನಮ್ಮ ಸಾಲಲ್ಲಿ ಮನೆ ಎಷ್ಟು? ಆರು! ಚುಕ್ಕಿ ಎಷ್ಟು? ಆರು! ಇನ್ನೇನು ಬೇಕು, ಕಳ್ಳ ಬಂದು ಸಹಿ ಹಾಕ್ಬೇಕಾ?" ಎಂದಳು ಟೈಲರ್ ಹೆಂಡತಿ.

"ಅಕ್ಕಾ, ಅದು ಕೃತ್ತಿಕೆ. ಆ ಹೊತ್ತಿಗೆ ನಿಮ್ಮನೆ ನೆತ್ತಿ ದಾಟಿ ಮೇಲೆ ಬಂದಿರುತ್ತೆ, ಅಷ್ಟೇ."

"ಆಹಾ! ಇಷ್ಟು ದೊಡ್ಡ ಊರಲ್ಲಿ ನಕ್ಷತ್ರಕ್ಕೆ ಏಳೋಕೆ ನಮ್ಮನೇನೇ ಸಿಕ್ತಾ?"

ಹಲ್ಲಿನಮ್ಮ ಮಾಲೀಕನಿಗೆ ಕೈ ಮುಗಿದಳು. "ಹಲ್ಲಿನ ಕೆಲಸದ ಬಿಳಿಪುಡಿ ಹಾರುತ್ತೆ ಅಂತ ಈ ವರ್ಷ ಎರಡು ಕಡೆ ಬಿಡಿಸಿದಾರೆ ಸ್ವಾಮಿ. ಇದೊಂದು ಕೋಣೆ ತಪ್ಪಿಸಬೇಡಿ."

ಮಾಲೀಕ ನನ್ನತ್ತ ತಿರುಗಿದ. "ತಾತ, ನೀವು ಬಂದರಲ್ಲಿದ್ದವರು, ನೀವೇ ಹೇಳಿ. ಅದ್ರಲ್ಲಿ ನೋಡಿದ್ರೆ ಎದುರು ಮನೆ ಒಳಗೆ ಕಾಣುತ್ತಾ? ಕಾಣಲ್ಲ ಅಂದ್ರೆ ಇಲ್ಲಿಗೇ ಬಿಡೋಣ. ಕಾಣುತ್ತೆ ಅಂದ್ರೆ ಇವರು ಖಾಲಿ ಮಾಡ್ಲಿ."

"ಒಳಗಿನ ಬೀರುವಿನ ಬೀಗದ ತೂತೂ ಕಾಣುತ್ತೆ" ಎಂದೆ.

"ತಾತ, ನೀವು ಒಂದ್ಸಲಾನೂ ನೋಡೇ ಇಲ್ವಲ್ಲ!"

"ಗಾಜು ನೋಡಿದೀನಿ ಕಣಮ್ಮ. ಸಾಕು."

ಒಂದು ವಾರ ಗಡುವು ಕೊಟ್ಟರು. ಕೊನೆಯ ಸಂಜೆ, ಬುಧವಾರ, ನಾನು ಬೀಗ ಹಾಕಲು ಹೋದಾಗ ಅವಳೂ ಹಿಂದೆಯೇ ಬಂದು ದುರ್ಬೀನನ್ನು ನನ್ನ ಕೈಯಲ್ಲಿಟ್ಟಳು. ನಾನು ನೆಟ್ಟಗೆ ಟೈಲರ್ ಕಿಟಕಿಗೇ ಹಿಡಿದೆ. ಬೀರು ಮೂಗಿನೆದುರು ಬಂದು ನಿಲ್ಲುತ್ತದೆಂದು ಕಾದೆ. ಬರಲಿಲ್ಲ. ರಸ್ತೆಯನ್ನು ಅರ್ಧ ದಾಟಿ ನಿಂತು ನೋಡಿದಷ್ಟೇ ಕಂಡಿತು. ಪರದೆಯ ಹಿಂದೆ ಒಂದು ನೆರಳು ಓಡಾಡಿತು. ಗಂಡನೋ ಹೆಂಡತಿಯೋ ಹೇಳಲಾಗಲಿಲ್ಲ. ತಿರುಪು ತಿರುಗಿಸಿದೆ, ಒರೆಸಿದೆ, ಮತ್ತೆ ಹಿಡಿದೆ. ಅಷ್ಟೇ.

ಕೈ ತಾನಾಗಿ ಮೇಲೆ ಹೋಯಿತು. ಮನೆಯ ಮೇಲೆ ಆರು ಚುಕ್ಕಿ ಒತ್ತಿಕೊಂಡು ಕೂತಿದ್ದವು. ಅವುಗಳ ನಡುವೆ, ಸುತ್ತ, ಬರಿಗಣ್ಣಿಗೆ ಇಲ್ಲದ ಇನ್ನೆಷ್ಟೋ. ಅರ್ಧ ಆಕಾಶವೇ ಒಳಗೆ ಬಂದಂತಿತ್ತು. ಗಾಜು ಅಗಲವಿದ್ದದ್ದು ಇದಕ್ಕೆ, ಹತ್ತಿರ ತರುವುದಕ್ಕಲ್ಲ.

ಮೆಟ್ಟಿಲಿಳಿದು ನೇರ ಮಾಲೀಕನ ಹತ್ತಿರ ಹೋದೆ. "ತಪ್ಪಾಯ್ತು. ಅದ್ರಲ್ಲಿ ಏನೂ ಕಾಣಲ್ಲ. ನೀವೇ ಒಂದ್ಸಲ ನೋಡಿ."

"ನಂಗ್ಯಾಕೆ ಬೇಕು ಅದು?" ಎಂದ. ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದ. "ಹೋದ ವಾರ ಬೀಗದ ತೂತು ಕಾಣ್ತಿತ್ತು, ಇವತ್ತು ಏನೂ ಕಾಣಲ್ಲ. ಅವಳ ಜೊತೆ ತಾರಸಿ ಮೇಲೆ ಏನು ಮಾತುಕತೆ ಆಯ್ತು ತಾತ? ಅಲ್ಲಾ, ದಿನಾ ಬಾಗಿಲು ತೆಗೆದು ಬಿಡ್ತಿದ್ದೋರೂ ನೀವೇ ಅಲ್ವಾ?" ಕೈ ಚಾಚಿದ. "ಬೀಗದಕೈ ಇಲ್ಲೇ ಇಟ್ಟು ಹೋಗಿ."

ಇಟ್ಟು ಬಂದೆ. ಮಗಳು, "ಅಪ್ಪಾ, ಅದೇನು ಅಂತ ನನಗಾದ್ರೂ ನಿಜ ಹೇಳು" ಎಂದಳು. ಅವಳ ದನಿಯಲ್ಲೂ ಅದೇ ಹುಳ. ಹೊಲಿಗೆ ಯಂತ್ರ ಕದ್ದವರು ಯಾರೆಂದು ಇವತ್ತಿನವರೆಗೂ ಗೊತ್ತಾಗಿಲ್ಲ.

ಮಾರನೆಯ ಬೆಳಿಗ್ಗೆ ಹಲ್ಲಿನಮ್ಮ ಎರಡು ಪೆಟ್ಟಿಗೆ ಹೊತ್ತು ಬಸ್ ನಿಲ್ದಾಣದಲ್ಲಿ ನಿಂತಳು. ದೂರದಲ್ಲಿ ಬಸ್ಸು ತಿರುಗಿತು. ನಂಬರ್ ನೋಡಲು ದುರ್ಬೀನು ಎತ್ತಿದಳು. ಟೈಲರ್ ಹೆಂಡತಿ ಕಿಟಕಿಯನ್ನು ದಡಾರನೆ ಮುಚ್ಚಿದ್ದು ನಮ್ಮ ಮನೆಗೂ ಕೇಳಿಸಿತು. ಬಸ್ಸು ಅವಳದ್ದೇ ಆಗಿತ್ತು. ಹಲ್ಲಿನಮ್ಮ ಹೋದದ್ದು ಗುರುವಾರ.