ಅಥೆನ್ಸೋ ಮೀನೋ

ಬಾಲ್ಕನಿಗೆ ಕಟ್ಟಿದ ಬಿಸಿಲುಮರೆಯ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿದೆ, ಅದರ ನೆರಳು ನೊನಾ ಎರಾಸ್ಮಿಯಾಳ ಮುಖದ ಮೇಲೆ ಬರುತ್ತದೆ, ಹೋಗುತ್ತದೆ, ನೆರಳಿದ್ದಾಗ ಪರವಾಗಿಲ್ಲ, ಬಿಸಿಲು ಬಿದ್ದಾಗ ಪೌಡರಿನ ಕೆಳಗಿನ ಬೆವರೆಲ್ಲ ಕಾಣುತ್ತದೆ, ಹಿಟ್ಟು ಸವರಿಟ್ಟ ಹಸಿ ಮೀನಿನ ಹಾಗೆ, ಇನ್ನೇನು ಎಣ್ಣೆಗೆ ಬಿಡಬಹುದು, ಅಂದುಕೊಂಡಳು ರೊದಾಂಥಿ, ಬಂದ ನಗುವನ್ನು ಬ್ರೆಡ್ಡಿನ ಜೊತೆ ನುಂಗಿಕೊಂಡಳು — ಹಸುಗೂಸಾಗಿದ್ದಾಗ ಇದೇ ಹೆಂಗಸು ನೊನಾ ಆಗಿ, ಅಂದರೆ ಜ್ಞಾನತಾಯಿಯಾಗಿ, ರೊದಾಂಥಿಯನ್ನು ಚರ್ಚಿನ ದೀಕ್ಷಾಸ್ನಾನದ ತೊಟ್ಟಿಯ ಪಕ್ಕ ಎತ್ತಿ ಹಿಡಿದು, ಸತ್ತುಹೋದ ತನ್ನದೇ ತಾಯಿಯ ಹೆಸರನ್ನು ಇಟ್ಟಳಂತೆ, ಅಂದಿನಿಂದ ಈ ಮೈ, ಈ ತಲೆ, ಈ ಅಂಕಪಟ್ಟಿ ಎಲ್ಲವೂ ಅವಳ ಹಕ್ಕಿನ ಮಾಲು. ಪ್ರತಿ ಬೇಸಗೆ ಅಥೆನ್ಸಿನಿಂದ ಈ ಊರಿಗೆ, ಕವಾಲಾಗೆ, ಬಂದಿಳಿಯುತ್ತಾಳೆ, ಸೆಖೆ ಅನ್ನುತ್ತಾಳೆ, ಸೊಳ್ಳೆ ಅನ್ನುತ್ತಾಳೆ, ಮೀನು ನಿನ್ನೆಯದು ಅನ್ನುತ್ತಾಳೆ, ಅಂದುಕೊಂಡೇ ಇನ್ನೊಂದು ತುಂಡು ಹಾಕಿಸಿಕೊಳ್ಳುತ್ತಾಳೆ. ಅಥೆನ್ಸ್ ಅಂದ್ರೆ ಅಥೆನ್ಸ್ ಕಣೇ ದೊಮ್ನಾ, ಅನ್ನುತ್ತಿದ್ದಾಳೆ ಈಗ ಅಮ್ಮನಿಗೆ, ಯೂನಿವರ್ಸಿಟಿಯ ಆ ಅಮೃತಶಿಲೆ ಮೆಟ್ಟಿಲು ಹತ್ತಿ ಓದಿದವಳು ಅಂದ್ರೆ ಜನ ಎದ್ದು ಕುರ್ಚಿ ಕೊಡ್ತಾರೆ. ಹೌದಕ್ಕಾ, ಅನ್ನುತ್ತಾಳೆ ಅಮ್ಮ. ರೊದಾಂಥಿ ಓದುತ್ತೇನೆ ಅನ್ನುತ್ತ ಬಂದದ್ದು ವೋಲೋಸಿನಲ್ಲಿ ಮೀನಿನ ಶಾಸ್ತ್ರ, ಅಥೆನ್ಸಿನಲ್ಲಿ ಅವಳ ಅಂಕಕ್ಕೆ ಸಿಗುವುದು ನರ್ಸಿಂಗ್, ಆದರೆ ನರ್ಸಿಂಗ್ ಎಂಬ ಮಾತನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ರೋಗಿ, ಗಾಯ, ಬೆಡ್‌ಪ್ಯಾನು ಯಾವುದೂ ಇಲ್ಲ, ಬರೀ ಮೆಟ್ಟಿಲು, ನಾಲ್ಕು ವರ್ಷ ಅವಳು ಮೆಟ್ಟಿಲನ್ನೇ ಓದುತ್ತಾಳೆ ಅನ್ನುವ ಹಾಗೆ. ಅಜ್ಜಿ ಹಾಸಿಗೆ ಹಿಡಿದು ನರಳುತ್ತಿದ್ದ ಆ ಚಳಿಗಾಲದಲ್ಲಿ ನನಗೆ ಕರುಣೆ ಬರಲಿಲ್ಲ, ಸಿಟ್ಟು ಬರುತ್ತಿತ್ತು, ಬಟ್ಟಲು ಹಿಡಿದು ಮುಖ ತಿರುಗಿಸಿ ನಿಲ್ಲುತ್ತಿದ್ದೆ, ಅದನ್ನು ಅಮ್ಮ ಕಣ್ಣಾರೆ ಕಂಡಿದ್ದಾಳೆ, ಕಂಡೂ ಹೌದಕ್ಕಾ ಅನ್ನುತ್ತಾಳೆ.

ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ, ಕೀಲಿಕೈ ಇದೆ, ದೃಷ್ಟಿ ತಾಕದಿರಲೆಂದು ನೀಲಿ ಮಣಿ ಕಟ್ಟಿದ ಕೀಲಿಕೈ — ನೊನಾಳ ಕರ್ನಲ್ ಗಂಡ ಬಿಟ್ಟುಹೋದ, ಅಥೆನ್ಸಿನ ಕಿಪ್ಸೆಲಿ ಬಡಾವಣೆಯ ಮನೆಯದು, ನೊನಾ ಇರುವ ಮಹಡಿಯ ಕೆಳಗಿನದು, ಬಾಡಿಗೆ ಬೇಡ, ಕರೆಂಟು ನೀರು ಮಾತ್ರ ಕೊಟ್ಟುಕೊಳ್ಳಲಿ, ಬಂದು ನನ್ನ ಕಾಲಿಗೆ ಒಂಚೂರು ಮುಲಾಮು ಹಚ್ಚಿದ್ರೆ ಸಾಕು, ಅಂದಳಂತೆ, ಅಲ್ಲಿಗೆ ನರ್ಸಿಂಗ್ ಯಾಕೆ ಬೇಕೆಂದು ತಿಳಿಯಿತಲ್ಲ. ಅದಲ್ಲದೆ ಮೀನು ಓದೋಕೆ ಯೂನಿವರ್ಸಿಟಿ ಯಾಕಮ್ಮಾ ಬೇಕು, ಬೆಳಿಗ್ಗೆ ಬಂದರಿಗೆ ಹೋಗಿ ನಿಂತ್ಕೊ, ಅವರೇ ಬೈದು ಕಲಿಸ್ತಾರೆ. ನೊನಾ ತನ್ನ ಮಾತಿಗೆ ತಾನೇ ನಗುತ್ತಾಳೆ, ಅಮ್ಮ ಒಂದು ಕ್ಷಣ ತಡೆದು ನಗುತ್ತಾಳೆ, ಯಾವಾಗಲೂ ಒಂದು ಕ್ಷಣ ತಡೆದು, ಅಪ್ಪಣೆ ಸಿಕ್ಕಿತೋ ಇಲ್ಲವೋ ನೋಡಿಕೊಂಡು. ರೊದಾಂಥಿ ತನ್ನ ತಟ್ಟೆಯ ಮೀನಿನ ತಲೆಯನ್ನು ಚಾಕುವಿನಿಂದ ಸೀಳುತ್ತಾಳೆ, ಮಿದುಳಿನ ಕೆಳಗೆ, ಕಿವಿಯ ಜಾಗದಲ್ಲಿ, ಒಂದು ಪುಟ್ಟ ಬಿಳಿ ಕಲ್ಲಿರುತ್ತದೆ, ಶಾಲೆಗೆ ಬಂದಿದ್ದ ಒಬ್ಬಾಕೆ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದ್ದಳು, ಬಳೆಯೊಳಗೆ ಬಳೆ, ಪ್ರತಿ ಚಳಿಗಾಲಕ್ಕೊಂದು ಬಳೆ, ಹಸಿವಿನ ವರ್ಷ ಸಣ್ಣದು, ಹೊಟ್ಟೆ ತುಂಬಿದ ವರ್ಷ ದಪ್ಪದ್ದು, ಮೀನು ತನ್ನ ಬದುಕನ್ನೆಲ್ಲ ತಲೆಯೊಳಗೆ ಬರೆದಿಟ್ಟುಕೊಂಡು ಈಜುತ್ತಿರುತ್ತದೆ ಅಂತ ಗೊತ್ತಾದ ದಿನ ಮನೆಗೆ ಓಡಿಬಂದು ಹೇಳಿದರೆ ಅಮ್ಮ, ಕೈ ತೊಳಕೋ ಅಂದಳು, ಅಪ್ಪ ಹೂಂ ಅಂದ. ಅಪ್ಪನಿಗೆ ಹೂಂ ಬಿಟ್ಟು ಬೇರೆ ಮಾತಿಲ್ಲ, ಫ್ರಿಜ್ಜು, ವಾಷಿಂಗ್ ಮೆಷೀನು ಮಾರುವ ಅಂಗಡಿಯಲ್ಲಿ ಗಿರಾಕಿ ಬೈದರೂ ಹೂಂ, ನೊನಾ ಬೈದರೂ ಹೂಂ, ಅನೆಸ್ತಿಸ್ ಅಂತ ಅವನ ಹೆಸರು, ಎದ್ದು ಬಂದವನು ಅಂತ ಅರ್ಥ, ಜನ್ಮದಲ್ಲಿ ಒಮ್ಮೆಯೂ ಎದ್ದವನಲ್ಲ, ಈಗಲೂ ಮೇಜಿನ ಆ ತುದಿಯಲ್ಲಿ ತಲೆ ತಗ್ಗಿಸಿ ಕಲ್ಲಂಗಡಿ ತಿನ್ನುತ್ತಿದ್ದಾನೆ, ಸೊರ್ ಸೊರ್ ಅಂತ, ಮಗಳ ಬಾಳು ಹರಾಜಾಗುತ್ತಿದೆ, ಅಪ್ಪನಿಗೆ ಕಲ್ಲಂಗಡಿ. ಥೂ. ಅಣ್ಣ ಲಾಜರೋಸ್ ಇದ್ದಾನಲ್ಲ, ದೊಡ್ಡಮ್ಮನ ಮಗ, ಆ ಮೆಟ್ಟಿಲು ಹತ್ತಿದವನೇ ಅಲ್ಲವೇ, ಇತಿಹಾಸ ಓದಿ ಬಂದು ಈಗ ಬೀಚಿನಲ್ಲಿ ಕುರ್ಚಿ ಬಾಡಿಗೆಗೆ ಕೊಡುತ್ತಾನೆ, ನೊನಾ ಹೇಳಿದ್ದು ಸರಿಯೇ ಆಯಿತು, ಜನರಿಗೆ ಕುರ್ಚಿ ಸಿಗುತ್ತದೆ.

ಮತ್ತು ಇವರಿಗೆ ಯಾರಿಗೂ ಗೊತ್ತಿಲ್ಲ. ಇವತ್ತೇ ಕಡೆಯ ದಿನ, ಸಂಜೆಯೊಳಗೆ ಅರ್ಜಿಯಲ್ಲಿ ಮೊದಲ ಆಯ್ಕೆ ಯಾವುದೆಂದು ಹಾಕಬೇಕು ಅಂತ ಇಷ್ಟೆಲ್ಲ ಬಡಿದಾಡುತ್ತಿದ್ದಾರೆ, ಅದು ಬೆಳಿಗ್ಗೆಯೇ ಮುಗಿದಿದೆ, ಅಮ್ಮ ಮೀನಿಗೆ ಉಪ್ಪು ಹಚ್ಚುತ್ತಿದ್ದಾಗ, ನಾನು ಹಲ್ಲು ಕೂಡ ಉಜ್ಜದೆ ಕಂಪ್ಯೂಟರಿನ ಮುಂದೆ ಕೂತು ಒತ್ತಿಬಿಟ್ಟೆ, ಒಮ್ಮೆ ಒತ್ತಿದರೆ ತಿದ್ದುವಂತಿಲ್ಲ, ಖಚಿತವೇ ಎಂದು ಕೇಳಿತು, ಖಚಿತ. ವೋಲೋಸ್ ಅಲ್ಲ, ಮೀನಲ್ಲ. ಅಥೆನ್ಸ್. ಬೆರಳು ತಾನಾಗಿ ಹೋಯಿತು ಅಂದರೆ ಸುಳ್ಳು, ಬೆರಳು ಚೆನ್ನಾಗಿ ಯೋಚಿಸಿಯೇ ಹೋಯಿತು. ಅಂಕ ಬಂದ ದಿನ ಔಷಧದ ಅಂಗಡಿಯಾಕೆ, ಏನಮ್ಮಾ, ಅಥೆನ್ಸಾ? ಅಂದಾಗ ಹೂಂ ಅಂದಿದ್ದೆ — ಹೂಂ, ಅಪ್ಪನ ಹಾಗೇ — ಆಕೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಎರಡೂ ಕೆನ್ನೆಗೆ ಮುತ್ತಿಟ್ಟಳು, ಪಕ್ಕದಲ್ಲಿದ್ದ ಯಾರೋ ಮುದುಕ ಟೋಪಿ ತೆಗೆದ, ಚಪ್ಪಲಿ ಸವೆದ ಹುಡುಗಿಗೆ ಟೋಪಿ ತೆಗೆದ, ಆ ಸಿಹಿ ಮೂರು ವಾರವಾದರೂ ನಾಲಗೆಯಿಂದ ಹೋಗಿಲ್ಲ, ವೋಲೋಸ್ ಅಂದಿದ್ದರೆ ಆಕೆ, ಹೌದಾ, ಅದೂ ಒಳ್ಳೇದೇ, ಅಂದು ಮುಂದಿನವರಿಗೆ ಮಾತ್ರೆ ಕೊಡುತ್ತಿದ್ದಳು. ಆದರೆ ಅದನ್ನು ಹೇಳುವವರು ಯಾರು, ಹೇಳಬೇಕಾಗಿಯೂ ಇಲ್ಲ, ಇವರು ಇನ್ನೂ ಸ್ವಲ್ಪ ಹೊತ್ತು ಎಳೆಯಲಿ, ನೊನಾ ಕೀಲಿಕೈ ಆಡಿಸಲಿ, ಅಮ್ಮ ಕಣ್ಣು ಒರೆಸಿಕೊಳ್ಳಲಿ, ಆಮೇಲೆ ನಾನು ಫೋರ್ಕ್ ಕೆಳಗಿಟ್ಟು, ಸರಿ, ನಿಮಗೋಸ್ಕರ ಅಥೆನ್ಸ್, ಅನ್ನುತ್ತೇನೆ, ಗಂಟಲು ಸ್ವಲ್ಪ ನಡುಗಬೇಕು, ಅಲ್ಲಿಗೆ ಋಣವೆಲ್ಲ ಇವರ ತಲೆಯ ಮೇಲೆ, ಬೆಡ್‌ಪ್ಯಾನು ಎತ್ತುವಾಗೆಲ್ಲ ಇವರನ್ನು ನೆನೆದು ಉಗಿಯಬಹುದು, ನಲವತ್ತು ವರ್ಷವಾದ ಮೇಲೂ, ನನ್ನ ಮೀನು ಕಿತ್ತುಕೊಂಡವರು ಅಂತ ಎದುರಿಗೆ ಕೂರಿಸಿ ಹೇಳಬಹುದು. ಇವಳು ಬುದ್ಧಿವಂತೆ ಕಣೇ, ಒಪ್ಪುತಾಳೆ, ಅನ್ನುತ್ತಾಳೆ ನೊನಾ. ಒಪ್ಪದೆ ಏನಕ್ಕಾ, ಅನ್ನುತ್ತಾಳೆ ಅಮ್ಮ, ತಗೋ ಮಗಳೇ, ಕೀಲಿಕೈ ತಗೋ, ನೊನಾ ಕೈಗೆ ಮುತ್ತು ಕೊಡು. ಈಗ, ಇನ್ನು ಹೇಳಬಹುದು, ರೊದಾಂಥಿ ಫೋರ್ಕ್ ಕೆಳಗಿಟ್ಟಳು, ಗಂಟಲು ಸರಿಮಾಡಿಕೊಂಡಳು —

ಅವಳಿಗೆ ಮೀನು ಓದಬೇಕಂತೆ, ಮೀನೇ ಓದಲಿ, ಅಂದಿತು ಯಾವುದೋ ದನಿ. ಅಪ್ಪ. ತಲೆ ಎತ್ತಿದ್ದಾನೆ, ಗಲ್ಲದ ತುಂಬ ಕೆಂಪು ನೀರು, ಅದರ ನಡುವೆ ಒಂದು ಕಲ್ಲಂಗಡಿ ಬೀಜ ಅಂಟಿಕೊಂಡಿದೆ, ಕಪ್ಪಗೆ, ಒರೆಸಿಕೊಳ್ಳಬಾರದೇ. ಅನೆಸ್ತಿ, ಫ್ರಿಜ್ ಮಾರೋನಿಗೆ ಇದೆಲ್ಲ ಯಾಕಯ್ಯಾ, ಅಂದಳು ನೊನಾ. ಮಾರೋನೇ ಎರಾಸ್ಮಿಯಾ ಅವ್ರೆ, ಅಂದ ಅಪ್ಪ, ಮಗಳು ಮಾತ್ರ ಮಾರೋಕಿಟ್ಟಿಲ್ಲ, ಅಂದು ಒದ್ದೆ ಕೈಯಿಂದ ಕೀಲಿಕೈಯನ್ನು ಮೇಜಿನ ಉದ್ದಕ್ಕೂ ಸರಿಸಿದ, ನೀಲಿ ಮಣಿ ಟಕಟಕ ಉರುಳಿ ನೊನಾಳ ತಟ್ಟೆಗೆ ಬಡಿಯಿತು, ನಿಮ್ಮ ಮನೆ ನಿಮ್ಮತ್ರಾನೇ ಇರ್ಲಿ. ಅಮ್ಮ, ಅಯ್ಯೋ ರೀ, ಏನಾಯ್ತು ನಿಮಗೆ, ಅಂದಳು, ಅಪ್ಪ ಕೇಳಿಸಿಕೊಳ್ಳಲಿಲ್ಲ, ಬೀಜ ಅಲ್ಲೇ ಇದೆ, ಮಾತಿಗೆ ಮೇಲೆ ಕೆಳಗೆ ಆಡುತ್ತಿದೆ, ನಗಬೇಕು, ನಗು ಎಲ್ಲಿ ಹೋಯಿತು. ನಾನು ಹೋದ ವಾರ ಸರಕು ತರೋಕೆ ಥೆಸಲೊನಿಕಿಗೆ ಹೋಗ್ಲಿಲ್ಲ ದೊಮ್ನಾ, ಸುಳ್ಳು ಹೇಳಿದ್ದೆ, ವೋಲೋಸಿಗೆ ಹೋಗಿದ್ದೆ, ಅನ್ನುತ್ತಿದ್ದಾನೆ, ರಜಾ ಅಂತ ಯೂನಿವರ್ಸಿಟಿ ಬಾಗಿಲು ಹಾಕಿತ್ತು, ಕಾವಲಿನವನ ಕಾಲು ಹಿಡಿಯೋದೊಂದು ಬಾಕಿ, ಒಳಗೆ ಬಿಟ್ಟ, ದೊಡ್ಡ ದೊಡ್ಡ ತೊಟ್ಟಿ ಇವೆ, ನೀರು ಸುತ್ತುತಾನೇ ಇರುತ್ತೆ, ಒಬ್ಬಳು ಹುಡುಗಿ ರಬ್ಬರ್ ಬೂಟು ಹಾಕ್ಕೊಂಡು ನಿಂತಿದ್ಲು, ಇವಳಷ್ಟೇ ಎತ್ತರ, ಮೀನಿನ ಕಿವಿಕಲ್ಲು ನೋಡೋದು ಕಲಿಸ್ತಾರೇನಮ್ಮಾ ಅಂದೆ, ಕಲಿಸ್ತಾರೆ ಅಂದ್ಲು, ತೋರಿಸಿದ್ಲು ಕೂಡ. ಒಂದು ಕೋಣೇನೂ ನೋಡಿ ಬಂದೆ, ಸಮುದ್ರ ಕಾಣಲ್ಲ, ವಾಸನೆ ಬರುತ್ತೆ.

ನೊನಾ ಎದ್ದಳು, ಚೀಲ ಎತ್ತಿಕೊಂಡಳು, ಈ ಮನೆ ನೀರು ಇನ್ನು ಮುಟ್ಟಲ್ಲ, ಅಂದಳು, ಅವಳ ಹಿಂದೆ ಅಮ್ಮ ಅಕ್ಕಾ ಅಕ್ಕಾ ಎನ್ನುತ್ತ ಮೆಟ್ಟಿಲಿಳಿದು ಓಡಿದಳು, ಬಾಗಿಲು ಬಡಿಯಿತು, ಬಾಲ್ಕನಿಯಲ್ಲಿ ಇಬ್ಬರೇ. ಅಪ್ಪನನ್ನು ತುಚ್ಛವಾಗಿ ಕಾಣಲು ಏನಾದರೂ ಬೇಕು ರೊದಾಂಥಿಗೆ, ಹುಡುಕುತ್ತಾಳೆ, ಬನಿಯನ್ನಿನ ತೂತು, ಬೊಕ್ಕ ತಲೆ, ಸೊರ್ ಸೊರ್, ಯಾವುದೂ ಕೈಗೆ ಹತ್ತುತ್ತಿಲ್ಲ, ಹೇಳಬೇಕು, ಈಗಲೇ ಹೇಳಬೇಕು, ಅಪ್ಪಾ, ನಾನು ಬೆಳಿಗ್ಗೆ, ನಾನು ಬೆಳಿಗ್ಗೆಯೇ, ಯಾರೂ ಎಳೆಯಲಿಲ್ಲ ಅಪ್ಪಾ, ಯಾರೂ ತಳ್ಳಲಿಲ್ಲ. ಬಾಯಿ ತೆರೆದೇ ಇದೆ. ಅಪ್ಪನ ಮುಖ ನಗುತ್ತಿದೆ, ಇಷ್ಟು ವರ್ಷದಲ್ಲಿ ಕಾಣದ ನಗು, ನಡಿ ಮಗಳೇ, ಅನ್ನುತ್ತಾನೆ, ಇಬ್ಬರೂ ಒಟ್ಟಿಗೆ ಒತ್ತೋಣ, ಎಲ್ಲಿ ಒತ್ತಬೇಕು ತೋರಿಸು, ಅನ್ನುತ್ತಾನೆ, ಅವಳು ಅವನ ಕಣ್ಣು ನೋಡಲಾರದೆ ಸ್ವಲ್ಪ ಕೆಳಗೆ ನೋಡುತ್ತಾಳೆ, ಗಲ್ಲವನ್ನು, ಗಲ್ಲದ ಮೇಲೆ ಬೀಜ, ಒಂದೇ ಒಂದು, ಒದ್ದೆಯಾಗಿ ಹೊಳೆಯುವ ಕರಿ ಬೀಜ, ಬೀಳುತ್ತಿಲ್ಲ, ಅವನು ಒರೆಸಿಕೊಳ್ಳುತ್ತಿಲ್ಲ, ಆ ಬೀಜ —