ಹಿಡಿದಿಟ್ಟ ಸೀಟು

“ಮೊದಲನೇ ಗುಂಪಿನವರು ಮಾತ್ರ ಬನ್ನಿ” ಎಂದು ವಿಮಾನ ನಿಲ್ದಾಣದ ಗೇಟಿನ ಹುಡುಗಿ ಮೈಕಿನಲ್ಲಿ ಹೇಳಿ ಬಾಯಿ ಮುಚ್ಚುವುದರೊಳಗೆ ಅಣ್ಣ ಎದ್ದು ಹೋಗಿ ದಾರಿಗೆ ಅಡ್ಡ ಕಟ್ಟಿದ ಹಗ್ಗದ ಬುಡದಲ್ಲಿ ನಿಂತಾಗಿತ್ತು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಯಾರೋ ಓದಿ ಬಿಟ್ಟುಹೋಗಿದ್ದ ಪತ್ರಿಕೆ. ಚೀಲ ಅಪ್ಪನ ಸೀಟಿಗೆ, ಪತ್ರಿಕೆ ತಮ್ಮನ ಸೀಟಿಗೆ.

“ನೋಡ್ತಾ ಇರು” ಎಂದು ಅಲ್ಲಿಂದಲೇ ತಮ್ಮನಿಗೆ ಹೇಳಿದ. “ಮುಂದಿನ ಸಾಲು, ದಾರಿ ಪಕ್ಕದ ಸೀಟು. ಎದ್ದು ನಿಂತ್ರೆ ಟಾಯ್ಲೆಟ್ಟು. ರಾಜನ ಹಾಗೆ ಕೂರಿಸ್ತೀನಿ ಅಪ್ಪನ್ನ.”

ಆ ವಿಮಾನದಲ್ಲಿ ಸೀಟಿಗೆ ನಂಬರಿಲ್ಲ. ಮೊದಲು ಹತ್ತಿದವರು ಬೇಕಾದಲ್ಲಿ ಕೂರಬಹುದು; ಮೊದಲು ಹತ್ತಬೇಕೆಂದರೆ ಮೇಲೆ ದುಡ್ಡು ಕಟ್ಟಬೇಕು. ಕಿಕ್ಕಿರಿದ ಬಸ್ಸಿಗೂ ಇದಕ್ಕೂ ಇದ್ದ ವ್ಯತ್ಯಾಸ ಇಷ್ಟೇ: ಅಲ್ಲಿ ಮೊಣಕೈಗೆ ಬಲ ಬೇಕು, ಇಲ್ಲಿ ಜೇಬಿಗೆ. ಟಿಕೆಟ್ ತೆಗೆಯುವಾಗ ಅಣ್ಣ ಮೂವರಿಗೂ ಕಟ್ಟುವುದಕ್ಕೇ ಹೊರಟಿದ್ದ. ತಡೆದವನು ತಮ್ಮ. “ಮೂವರಿಗೂ ಯಾಕೆ ದಂಡ? ಒಬ್ಬ ಮುಂದೆ ಹೋಗಿ ಸೀಟು ಹಿಡಿದ್ರೆ ಸಾಕಲ್ವಾ” ಎಂದಿದ್ದ. ಕೊಳಾಯಿ ಕೆಲಸದವನು, ಒಂದು ಪೈಪಿಗೆ ಎರಡು ಕವಲು ಹಾಕಿ ಎರಡು ಮನೆಗೆ ನೀರು ಕೊಡುವುದೇ ಜಾಣತನ ಎಂದು ತಿಳಿದು ಬಾಳಿದವನು. ಅಣ್ಣನೂ ಬೆನ್ನು ತಟ್ಟಿ, “ಭಲೇ, ಬುದ್ಧಿ ಇದೆಯಲ್ಲೋ ನಿನಗೆ” ಎಂದಿದ್ದ.

ಮೂವರೂ ಹೊರಟಿದ್ದು ಅಕ್ಕನ ಮನೆಗೆ. ಮೂತ್ರದ ತೊಂದರೆಗೆ ಅಪ್ಪನಿಗೆ ಆಪರೇಷನ್ ಆಗಿತ್ತು. ಸ್ವಲ್ಪ ದಿನ ನನ್ನ ಹತ್ತಿರ ಇರಲಿ ಎಂದು ಅಕ್ಕ ಹಟ ಹಿಡಿದಿದ್ದಳು. ಅಣ್ಣನಿಗೂ ಆ ಊರಿನಲ್ಲಿ ವ್ಯಾಪಾರದ ಕೆಲಸವಿತ್ತು. ಗಾಯವೇನೋ ಮಾಗಿತ್ತು, ಆದರೆ ಅಪ್ಪನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಬಂತು ಅಂದರೆ ಬಂತು. ಡಾಕ್ಟರು ಹೇಳಿದ ದೊಡ್ಡವರ ಡೈಪರನ್ನು ತಮ್ಮ ಬೆಳಿಗ್ಗೆ ತಂದು ಮಂಚದ ಮೇಲಿಟ್ಟಾಗ ಅಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕಿಟಕಿಯ ಮೇಲಿಟ್ಟಿದ್ದರು.

“ಊರಿನ ಕೊಳಾಯಿ ಎಲ್ಲಾ ರಿಪೇರಿ ಮಾಡ್ತೀಯ. ನನ್ನದಕ್ಕೊಂದು ವಾಷರ್ ಹಾಕೋಕಾಗಲ್ಲ, ಬಟ್ಟೆ ಸುತ್ತೋಕೆ ಬಂದಿದ್ದೀಯ” ಎಂದಿದ್ದರು. ಟಿಕೆಟ್ಟಿನ ಕೌಂಟರಿನಲ್ಲಿ ಹುಡುಗಿಯೊಬ್ಬಳು, “ತಾತನಿಗೆ ಗಾಲಿಕುರ್ಚಿ ಬೇಕಾ? ಅವರನ್ನ ಮೊದಲೇ ಹತ್ತಿಸ್ತೀವಿ” ಎಂದು ಕೇಳಿದಾಗಲೂ ಅಷ್ಟೇ. “ಕಾಲು ಗಟ್ಟಿಯಾಗಿದೆ ಕಣಮ್ಮ” ಎಂದು ಎರಡು ಹೆಜ್ಜೆ ಜೋರಾಗಿಯೇ ನಡೆದು ತೋರಿಸಿದ್ದರು.

ಈಗ ತಮ್ಮ ಸಾಲಿನಲ್ಲಿ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದ. ಗೇಟಿನ ಪಕ್ಕದ ಟಾಯ್ಲೆಟ್ಟಿಗೆ ಆಗಲೇ ಹೋಗಿಬಂದಿದ್ದರು. ಹಿಂದಿನವಳ ಪೆಟ್ಟಿಗೆಯ ಗಾಲಿ ಹಿಮ್ಮಡಿಗೆ ಬಡಿಯುತ್ತಿತ್ತು. ಬಡಿದಾಗಲೆಲ್ಲ ಅವಳು “ಸಾರಿ” ಎನ್ನುತ್ತಿದ್ದಳು, ಪೆಟ್ಟಿಗೆಯನ್ನು ಮಾತ್ರ ಹಿಂದಕ್ಕೆಳೆಯುತ್ತಿರಲಿಲ್ಲ. ಪಕ್ಕದವನು ಬೇಯಿಸಿದ ಮೊಟ್ಟೆಯನ್ನು ನಿಂತಲ್ಲೇ ಸುಲಿದು ತಿಂದು, ಸಿಪ್ಪೆಯನ್ನು ಯಾರಿಗೂ ಕಾಣದಂತೆ ಕಾಲಿನಿಂದ ತಮ್ಮನ ಕಡೆಗೆ ತಳ್ಳಿದ. ಎಲ್ಲರ ಕಣ್ಣೂ ಮುಂದಿನವನ ಬೆನ್ನಿನ ಮೇಲೆ. ಎಲ್ಲಿ ಅರ್ಧ ಹೆಜ್ಜೆ ಜಾಗ ಬಿಟ್ಟಾನು, ಎಲ್ಲಿ ನುಗ್ಗೋಣ ಎಂದು.

ವಿಮಾನದ ಬಾಗಿಲು ದಾಟಿದ ಕೂಡಲೇ ಎದುರಿಗೇ ಅಣ್ಣ. ಮುಂದಿನ ಸಾಲೇ, ಹೇಳಿದ ಹಾಗೆ. ಆದರೆ ಅವನು ಕೂತಿದ್ದು ನಡುವಿನ ಸೀಟಿನಲ್ಲಿ, ಎರಡೂ ಕಡೆಯಿಂದ ಒತ್ತಿಸಿಕೊಂಡು. ಕಿಟಕಿಯ ಪಕ್ಕ ಕೈತುಂಬ ಬಳೆ ತೊಟ್ಟ ಒಬ್ಬ ಹೆಂಗಸು. ದಾರಿ ಪಕ್ಕದ ಸೀಟಿನಲ್ಲಿ ಭಾರಿ ಆಳೊಬ್ಬ ಕಾಲು ಚಾಚಿಕೊಂಡಿದ್ದ. ಅಣ್ಣನ ಚೀಲ ಅಣ್ಣನದೇ ತೊಡೆಯ ಮೇಲಿತ್ತು.

“ಅಪ್ಪ, ಬಾ ಬಾ” ಎಂದ ಅಣ್ಣ, ಏಳದೆಯೇ. “ಸಾರ್, ಇವರು ನಮ್ಮಪ್ಪ. ನಮ್ಮ ಬಾಗಿಲು ಕಾರ್ಖಾನೆ ಶುರು ಮಾಡಿದವರೇ ಇವರು. ಅಪ್ಪ, ಇವರು ಬಿಲ್ಡರ್ರು, ಕಿಟಕಿ ಹತ್ರ ಇರೋರು ಇವರ ಮನೆಯವರು. ಸಮುದ್ರದ ಕಡೆ ದೊಡ್ಡ ಹೋಟೆಲ್ ಕಟ್ಟಿಸ್ತಿದ್ದಾರೆ. ಆರು ತಿಂಗಳಿಂದ ಇವರ ಆಫೀಸಿಗೆ ಅಲೀತಿದ್ದೆ ನಾನು, ಒಳಗೇ ಬಿಟ್ಟಿರಲಿಲ್ಲ. ಇವತ್ತು ನೋಡು, ಪಕ್ಕದಲ್ಲೇ.”

ಬಿಲ್ಡರು ಅಪ್ಪನನ್ನು ನೋಡಿ, ಅಣ್ಣನ ತೊಡೆಯ ಮೇಲಿನ ಚೀಲ ನೋಡಿ, ಅರ್ಧ ಎದ್ದಂತೆ ಮಾಡಿದ. “ಅಯ್ಯೋ, ಇವರಿಗೇ ಹಿಡಿದಿದ್ರಾ ಈ ಸೀಟು?”

“ಛೆ ಛೆ, ಕೂತ್ಕೊಳ್ಳಿ ಸಾರ್. ಅಪ್ಪನಿಗೆ ಹಿಂದೆ ಕೂರೋದೇ ಇಷ್ಟ.”

ತಮ್ಮನ ಬಾಯಿ ತೆರೆದಿತ್ತು. ಅಷ್ಟರಲ್ಲಿ ಅಪ್ಪನ ಕೈ ಬಂದು ಅವನ ಮಣಿಕಟ್ಟನ್ನು ಹಿಡಿದು ಅದುಮಿತು.

“ಹೌದು ಸ್ವಾಮಿ, ನನಗೆ ಹಿಂದೆಯೇ ಅಭ್ಯಾಸ. ನೀವು ಆರಾಮಾಗಿ ಕೂತ್ಕೊಳ್ಳಿ” ಎಂದರು ಅಪ್ಪ.

“ಹಿಂದೇನೂ ಟಾಯ್ಲೆಟ್ ಇದೆ ಕಣೋ” ಎಂದು ಅಣ್ಣ ತಮ್ಮನಿಗೆ ಮೆಲ್ಲಗೆ ಹೇಳಿದ. ಹಿಂದಿನಿಂದ ಯಾರೋ “ನಡೀರಿ ನಡೀರಿ” ಎಂದರು. ಪೆಟ್ಟಿಗೆಯ ಗಾಲಿ ಮತ್ತೆ ಹಿಮ್ಮಡಿಗೆ ಬಡಿಯಿತು.

ಇಬ್ಬರಿಗೂ ಜೊತೆಯಾಗಿ ಸೀಟು ಸಿಕ್ಕಿದ್ದು ಹಿಂದಿನ ಭಾಗದಲ್ಲಿ, ಕಿಟಕಿಯದೂ ನಡುವಿನದೂ. ದಾರಿ ಪಕ್ಕದಲ್ಲಿ ಕಿವಿಗೆ ಹಾಡು ಕೇಳುವ ಯಂತ್ರ ಸಿಕ್ಕಿಸಿಕೊಂಡ ಒಬ್ಬ ಕೂತಿದ್ದ. ತಮ್ಮ ಬಗ್ಗಿ ಕೇಳಿದ: “ಸಾರ್, ನಮ್ಮ ತಂದೆಗೆ ಆಪರೇಷನ್ ಆಗಿದೆ, ಆಗಾಗ ಏಳಬೇಕಾಗುತ್ತೆ. ಸ್ವಲ್ಪ ಒಳಗೆ ಸರೀತೀರಾ?”

ಅವನು ಒಂದು ಕಿವಿಯ ಯಂತ್ರವನ್ನು ಮಾತ್ರ ತೆಗೆದ. “ದುಡ್ಡು ಕಟ್ಟಿ ಮೊದಲು ಹತ್ತಿ ಹಿಡಿದ ಸೀಟು ಇದು. ಅಷ್ಟು ತೊಂದರೆ ಇದ್ದಿದ್ರೆ ನೀವೂ ಕಟ್ಟಬಹುದಿತ್ತಲ್ಲ?”

ತಮ್ಮ ಕಿಟಕಿಯ ಕಡೆ ಹೋಗಿ ಕೂತ. ಅಪ್ಪ ನಡುವೆ ಕೂತು, ಬೆಲ್ಟನ್ನು ಆದಷ್ಟೂ ಸಡಿಲ ಮಾಡಿ ಹಾಕಿಕೊಂಡರು.

“ನಿನಗೆ ಸಿಟ್ಟು ಬಂದಿದೆ” ಎಂದರು.

“ಬರದೆ ಇನ್ನೇನಪ್ಪ?”

“ಹೋಟೆಲ್ ಅಂದ್ರೆ ಎಷ್ಟು ಬಾಗಿಲು ಯೋಚನೆ ಮಾಡು. ಒಂದೊಂದು ರೂಮಿಗೂ ಎರಡು.” ಅಪ್ಪನ ದನಿಯಲ್ಲಿ ನಿಜವಾದ ಸಂತೋಷವಿತ್ತು, ಅದೇ ತಮ್ಮನಿಗೆ ನುಂಗಲಾಗಲಿಲ್ಲ. “ಅವನಿಗೆ ಹೇಳಿಕೊಟ್ಟವನು ನಾನೇ ಅಲ್ವಾ. ಮನೇಲಿ ಹೆಣ ಬಿದ್ದಿದ್ರೂ ಗಿರಾಕಿಗೆ ಮೊದಲು ಸ್ಟೂಲು ಹಾಕು ಅಂತಿದ್ದೆ. ನಿಮ್ಮಮ್ಮ ಬೈಯೋಳು.”

ವಿಮಾನ ಹೊರಟಿತು ಅನ್ನುವಾಗ ನಿಂತಿತು. ಮುಂದೆ ಇನ್ನೂ ಬೇರೆ ವಿಮಾನಗಳಿವೆ, ಕಾಯಬೇಕು ಎಂದು ಹೇಳಿದರು. ಎಲ್ಲರೂ ಬೆಲ್ಟು ಕಟ್ಟಿಕೊಂಡೇ ಇರಬೇಕಂತೆ. ಕಾದು ಕಾದು ಕೊನೆಗೆ ಹಾರಿದ್ದೇ ಮೋಡದ ಹೊಡೆತಕ್ಕೆ ಸಿಕ್ಕಿ ಕುಲುಕಾಡತೊಡಗಿತು. ಬೆಲ್ಟಿನ ದೀಪ ಆರಲೇ ಇಲ್ಲ.

ಅಪ್ಪನ ಕೈ ತಮ್ಮನ ಮಂಡಿಯ ಮೇಲೆ ಬಂತು. “ಆಗಲ್ವೋ” ಎಂದರು.

ತಲೆಯ ಮೇಲಿದ್ದ ಕರೆಯುವ ಗುಂಡಿಯನ್ನು ತಮ್ಮ ಒತ್ತಿದ. ಯಾರೂ ಬರಲಿಲ್ಲ. ಮತ್ತೆ ಒತ್ತಿದ. ಗಗನಸಖಿ ತನ್ನ ಸೀಟಿನಿಂದಲೇ ಕತ್ತು ಚಾಚಿ, “ದೀಪ ಆರೋವರೆಗೂ ಏಳಬಾರದು ಸಾರ್, ದಯವಿಟ್ಟು” ಎಂದಳು. ತಮ್ಮ ಎದ್ದೇಬಿಟ್ಟ, ತಲೆ ಮೇಲಿನ ಗೂಡಿಗೆ ಬಡಿಯಿತು. “ಸಾರ್, ಸ್ವಲ್ಪ ಏಳಿ. ಅರ್ಜೆಂಟು” ಎಂದು ಪಕ್ಕದವನ ಭುಜ ಮುಟ್ಟಿದ. ಅವನು ಕಣ್ಣು ತೆರೆದ, ಯಂತ್ರ ತೆಗೆದ, ಕೆಂಪು ದೀಪವನ್ನು ಬೆರಳಿಟ್ಟು ತೋರಿಸಿದ. ತಮ್ಮ ಇನ್ನೊಂದು ಮಾತು ಆಡುವ ಹೊತ್ತಿಗೆ ಅಪ್ಪ ಅವನ ಅಂಗಿಯ ತುದಿ ಹಿಡಿದು ಕೆಳಗೆಳೆದರು.

“ಕೂತ್ಕೋ” ಎಂದರು. “ಇನ್ನು ಬೇಡ.”

ತಮ್ಮ ಕೂತ. ಅಪ್ಪ ಎದುರಿನ ಸೀಟಿನ ಬೆನ್ನಿಗೆ ಅಂಟಿಸಿದ್ದ ಚಿತ್ರವನ್ನು ನೋಡುತ್ತಿದ್ದರು: ಅಪಾಯವಾದರೆ ಯಾವ ಬಾಗಿಲಿನಿಂದ ಇಳಿಯಬೇಕು ಎಂದು ಬಾಣ ಹಾಕಿ ತೋರಿಸುವ ಚಿತ್ರ. ಪ್ಯಾಂಟಿನ ತಿಳಿ ಬಣ್ಣ ತೊಡೆಯಿಂದ ಮಂಡಿಯವರೆಗೆ ನಿಧಾನವಾಗಿ ಗಾಢವಾಯಿತು. ವಾಸನೆ ಆಮೇಲೆ ಬಂತು. ದಾರಿ ಪಕ್ಕದವನು ಮೂಗು ಅರಳಿಸಿದ, ಕೆಳಗೆ ನೋಡಿದ, ತನ್ನ ಮಂಡಿಗಳನ್ನು ಆಚೆಗೆ ತಿರುಗಿಸಿಕೊಂಡ. ಕೈ ಎತ್ತಿ ತಲೆಯ ಮೇಲಿನ ಗಾಳಿಯ ತೂತನ್ನು ಪೂರ್ತಿ ತಿರುಗಿಸಿ, ಅದನ್ನು ಅಪ್ಪನ ಕಡೆಗೆ ಬಿಟ್ಟ.

ಎಷ್ಟೋ ಮನೆಗಳ ಕಟ್ಟಿಕೊಂಡ ಪಾಯಿಖಾನೆಗೆ ಬರಿಗೈ ಹಾಕಿ ಬಿಡಿಸಿದವನು ತಮ್ಮ. ಹೊಲಸು ಅವನಿಗೆ ಹೊಸದಲ್ಲ. ಕೆಲಸ ಮುಗಿಸಿ ಕೈ ತೊಳೆದು ಅಲ್ಲೇ ಊಟ ಮಾಡಬಲ್ಲ. ಆದರೆ ಈಗ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡ. ಅಪ್ಪನ ವಾಸನೆಗಲ್ಲ. ‘ಮೂವರಿಗೂ ಯಾಕೆ ದಂಡ’ ಎಂದ ತನ್ನದೇ ದನಿ ಕಿವಿಯಲ್ಲಿ ಕೇಳುತ್ತಿತ್ತು.

“ಅಣ್ಣನಿಗೆ ಹೇಳಬೇಡ” ಎಂದರು ಅಪ್ಪ, ಚಿತ್ರದಿಂದ ಕಣ್ಣು ತೆಗೆಯದೆ. “ಯಾರಿಗೂ ಗೊತ್ತಾಗದ ಹಾಗೆ ಇಳಿಸಿಬಿಡು ನನ್ನ. ಅಷ್ಟು ಮಾಡು.”

ಬಟ್ಟೆಗಳೆಲ್ಲ ದೊಡ್ಡ ಪೆಟ್ಟಿಗೆಯೊಳಗೆ, ಕಾಲ ಕೆಳಗೆಲ್ಲೋ ವಿಮಾನದ ಹೊಟ್ಟೆಯಲ್ಲಿದ್ದವು. ಗಗನಸಖಿಯನ್ನು ಕೇಳಿದರೆ ಹೊದಿಕೆ ಇಲ್ಲ, ಕೊಳ್ಳುವುದಕ್ಕಿದ್ದದ್ದೂ ಮುಗಿದಿದೆ ಎಂದಳು. ದೀಪ ಆರಿದ ಮೇಲೆ ತಮ್ಮ ಮುಂದಕ್ಕೆ ಹೋದ. ಮುಂದಿನ ಟಾಯ್ಲೆಟ್ಟಿನ ಬಾಗಿಲ ಮೇಲೆ ಹಸಿರು ಗುರುತು ಕಾಣುತ್ತಿತ್ತು. ಒಳಗೆ ಯಾರೂ ಇರಲಿಲ್ಲ, ಕಾಯುವವರೂ ಇರಲಿಲ್ಲ. ಬಿಲ್ಡರು ಬಾದಾಮಿ ಜಗಿಯುತ್ತಿದ್ದ. ಅಣ್ಣನ ಕೋಟು ಗೂಡಿನಲ್ಲಿ ಮಡಿಸಿಟ್ಟಿತ್ತು.

“ಅಣ್ಣ, ನಿನ್ನ ಕೋಟು ಕೊಡು.”

“ಯಾಕೋ?”

“ಅಪ್ಪನಿಗೆ ಚಳಿ.”

“ತಗೋ, ತಗೋ. ಕೇಳಬೇಕಾ?” ಅಣ್ಣ ಬಿಲ್ಡರನ ಕಡೆ ತಿರುಗಿದ. “ವಯಸ್ಸಾದವರು ನೋಡಿ ಸಾರ್. ಎಲ್ಲಿ ಹೋದ್ರೂ ಅವರನ್ನ ನಾನೇ ಜೊತೇಲಿ ಕರ್ಕೊಂಡು ಓಡಾಡೋದು.”

“ಪುಣ್ಯವಂತರು ನಿಮ್ಮಪ್ಪ” ಎಂದ ಬಿಲ್ಡರು. ಬೆರಳಿಗೆ ಅಂಟಿದ ಉಪ್ಪನ್ನು ನೆಕ್ಕಿದ. “ಈಗಿನ ಕಾಲದಲ್ಲಿ ಯಾರು ನೋಡ್ಕೋತಾರೆ.”

ತಮ್ಮ ಕೋಟನ್ನು ಎತ್ತಿಕೊಂಡ. ಒಳಗಿನ ಅಸ್ತರಿ ರೇಷ್ಮೆಯಂತೆ ನುಣುಪಾಗಿತ್ತು, ಅತ್ತರಿನ ಘಮ ಬರುತ್ತಿತ್ತು. ಅಣ್ಣನ ಮುಖದಲ್ಲಿ ಕಪಟವೇನೂ ಕಾಣಲಿಲ್ಲ. ತಾನು ಹೇಳಿದ್ದನ್ನು ಅವನು ಆಗಲೇ ನಂಬಿಬಿಟ್ಟಿದ್ದ. ಹೇಸಿಗೆ ಎಂದರೆ ಇದು ಅನಿಸಿತು ತಮ್ಮನಿಗೆ. ಹೇಳಿಬಿಡೋಣ, ಎಲ್ಲರಿಗೂ ಕೇಳುವ ಹಾಗೆ, ಎಂದು ನಾಲಿಗೆಯವರೆಗೆ ಬಂತು. ಹೇಳಿದರೆ ಮೊದಲು ಸಾಯುವವನು ಅಣ್ಣನಲ್ಲ, ಅಪ್ಪ. ಕೋಟು ಮಡಿಸಿಕೊಂಡು ಹಿಂದಕ್ಕೆ ನಡೆದ.

ವಿಮಾನ ಇಳಿದಾಗ ದಾರಿ ಪಕ್ಕದವನು ಎಲ್ಲರಿಗಿಂತ ಮೊದಲು ಎದ್ದು ಓಡಿದ. ಎಲ್ಲರೂ ಇಳಿಯಲಿ ಎಂದರು ಅಪ್ಪ. ಅಣ್ಣ ಮುಂದಿನಿಂದ ಕೈ ಬೀಸಿ, ಹೊರಗೆ ಸಿಗೋಣ ಎಂದು ಸನ್ನೆ ಮಾಡಿ, ಬಿಲ್ಡರನ ಹೆಂಡತಿಯ ಚೀಲ ಹೊತ್ತು ಹೊರಟುಹೋದ. ಕೊನೆಯ ತಲೆಯೂ ಬಾಗಿಲು ದಾಟಿದ ಮೇಲೆ ತಮ್ಮ, ಕೋಟಿನ ತೋಳುಗಳನ್ನು ಅಪ್ಪನ ಸೊಂಟಕ್ಕೆ ಸುತ್ತಿ ಮುಂದೆ ಗಂಟು ಹಾಕಿದ. ಅಪ್ಪ ಸೀಟಿನ ಕಡೆ ತಿರುಗಿ ನೋಡಲಿಲ್ಲ. ತಮ್ಮ ನೋಡಿದ. ಕಸದ ಚೀಲ ಹಿಡಿದು ಬಂದ ಹೆಂಗಸೂ ನೋಡಿದಳು. “ನೀವು ನಡೀರಿ” ಎಂದಳು ಅಷ್ಟೇ, ಕೈಗವಸು ಹಾಕಿಕೊಳ್ಳುತ್ತ.

ಮೊದಲು ಸಿಕ್ಕಿದ ಗಂಡಸರ ಟಾಯ್ಲೆಟ್ಟಿಗೆ ಅಪ್ಪನನ್ನು ಕರೆದುಕೊಂಡು ಹೋದ. ಒಳಗೆ ಬಾಗಿಲು ಹಾಕಿಕೊಂಡು ಅಪ್ಪ ಪ್ಯಾಂಟನ್ನೂ ಒಳಚಡ್ಡಿಯನ್ನೂ ಬಾಗಿಲ ಮೇಲಿನಿಂದ ಕೊಟ್ಟರು. ತಮ್ಮ ಬೇಸಿನ್ನಿನಲ್ಲಿ ಸೋಪಿನ ನೀರು ಹಾಕಿ ತಿಕ್ಕಿದ, ಹಿಂಡಿದ, ಗೋಡೆಯ ಮೇಲಿನ ಕೈ ಒಣಗಿಸುವ ಯಂತ್ರದ ಕೆಳಗೆ ಹಿಡಿದ. ಬಿಸಿಗಾಳಿ ಭರ್ರೆಂದು ಬಂತು, ಅಷ್ಟರಲ್ಲೇ ನಿಂತಿತು. ಕೈ ಆಡಿಸಿದರೆ ಮತ್ತೆ ಬಂತು. ಕೈ ತೊಳೆದುಕೊಂಡವರು ಬಂದು ಅವನ ಹಿಂದೆ ಒಂದು ಕ್ಷಣ ನಿಂತು, ಅವನು ಹಿಡಿದದ್ದು ಏನೆಂದು ಕಂಡು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೋದರು.

ಫೋನು ಬಡಿದುಕೊಂಡಿತು. ಅಣ್ಣ. “ಎಲ್ಲಿದ್ದೀರೋ? ನನ್ನ ವಿಸಿಟಿಂಗ್ ಕಾರ್ಡೆಲ್ಲಾ ಕೋಟಿನ ಜೇಬಲ್ಲಿವೆ. ಸಾರ್ ಕೇಳ್ತಿದ್ದಾರೆ, ಅವರ ಕಾರು ಬಂದಿದೆ. ಓಡಿ ತಗೊಂಡು ಬಾ. ಕೋಟೂ ತಗೊಂಡು ಬಾ, ಹೊರಗೆ ಬಿಸಿಲಿದೆ, ಅಪ್ಪನಿಗಿನ್ನೇನು ಚಳಿ.”

ತಮ್ಮ ಫೋನು ಕಟ್ ಮಾಡಿ ಜೇಬಿಗಿಟ್ಟ.

“ಅಣ್ಣನಾ?” ಎಂದರು ಅಪ್ಪ ಒಳಗಿನಿಂದ. ದನಿ ದೊಡ್ಡದಾಗಿಯೇ ಬರುವ ಫೋನು ಅದು, ಎಲ್ಲ ಕೇಳಿಸಿರಬೇಕು.

“ಹ್ಞೂಂ.”

ಬಾಗಿಲ ಹಿಂದೆ ಬಟ್ಟೆ ಸರಿದ ಸದ್ದಾಯಿತು. ಬಾಗಿಲಿನ ಕೆಳಗೆ ಅಪ್ಪನ ಬರಿಯ ಪಾದಗಳು ಕಾಣುತ್ತಿದ್ದವು, ಒದ್ದೆ ನೆಲಕ್ಕೆ ತಾಗದಂತೆ ಬೆರಳುಗಳನ್ನು ಮೇಲೆತ್ತಿಕೊಂಡು. ಆ ಸಂದಿಯಿಂದ ಒಂದು ಕೈ ಬಂತು. ಕೈಯಲ್ಲಿ ದಪ್ಪ ಕಾಗದದ ಕಾರ್ಡುಗಳ ಕಟ್ಟು.

“ಕೋಟು ಆಗಲ್ಲ ಅನ್ನು. ಇವಿಷ್ಟು ಕೊಟ್ಟು ಬಾ” ಎಂದರು. “ಗಿರಾಕಿ ಹೊರಟುಬಿಟ್ಟಾನು.”

ಕಾರ್ಡು ಹಿಡಿದ ಕೈ ಅಲ್ಲೇ ಇತ್ತು. ಯಂತ್ರ ನಿಂತಿತು. ತಮ್ಮ ಪ್ಯಾಂಟನ್ನು ಒಳಹೊರಗು ತಿರುಗಿಸಿ, ಇನ್ನೂ ಹಸಿಯಾಗಿದ್ದ ಹೊಲಿಗೆಯನ್ನು ಮತ್ತೆ ಯಂತ್ರದ ಕೆಳಗೆ ಹಿಡಿದ.